ನಮ್ಮ ಪಡಸಾಲೆಯ ಸಮುದ್ರ

ಬಸವನ ಬಾಗೇವಾಡಿಯಲ್ಲಿ ಸಮುದ್ರವಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಆದರೂ ಭೂಗೋಳದ ಮಾಸ್ತರನಾಗಿ ನಿವೃತ್ತನಾದವನು ಇಂಥದನ್ನು ಮೊದಲು ದಾಖಲೆಗೆ ತಂದು ಮುಂದಿನ ಮಾತಾಡುವುದು ಕ್ರಮ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ಇಲಾಖೆ ನನ್ನನ್ನು ಎಲ್ಲೆಲ್ಲಿಗೆ ಒಗೆಯಿತೋ ಅಲ್ಲೆಲ್ಲ ಕರಿಹಲಗೆಯ ಎಡಬದಿಗೆ ನೀಲಿ ಸುಣ್ಣದ ಕಡ್ಡಿಯಿಂದ ಅರಬ್ಬೀ ಸಮುದ್ರ ತುಂಬಿಸಿ, ಗಂಟೆ ಹೊಡೆದ ಕೂಡಲೆ ಒರೆಸಿ ಬಂದಿದ್ದೇನೆ. ಒರೆಸಿದ ಸಮುದ್ರ ಅಂಗಿಯ ತೋಳಿಗೆ ಹತ್ತುತ್ತಿತ್ತು. ನನಗೂ ಅದಕ್ಕೂ ಇದ್ದ ಸಂಬಂಧ ಅಷ್ಟೇ.

ನಿಜವಾದ ಸಮುದ್ರ ನೋಡಿ ಬಂದವಳು ನನ್ನ ಹೆಂಡತಿ. ಓಣಿಯ ಹೆಂಗಸರ ಜೊತೆ ಗೋಕರ್ಣಕ್ಕೆ ಹೋಗಿದ್ದಳು. ದೇವರ ದರ್ಶನ ಹೇಗಾಯಿತೆಂದು ಕೇಳಿದರೆ "ಚಲೋ ಆತ್ರಿ" ಎಂದು ಮುಗಿಸಿದಳು. ಸಮುದ್ರದ ಸುದ್ದಿ ಮಾತ್ರ ವಾರವಾದರೂ ಮುಗಿಯಲಿಲ್ಲ.

"ಅದು ಸುಮ್ನ ಕುಂಡ್ರೂದ ಇಲ್ರಿ. ಬರ್ತೈತಿ, ಹೋಗ್ತೈತಿ, ಮತ್ತ ಬರ್ತೈತಿ. ನಿಮ್ಮಂಗ ಪೇಪರ್ ಹಿಡಕೊಂಡು ಒಂದ ಕಡೆ ಕುಂತಿರೂದಿಲ್ಲ."

ಮುಂದಿನ ವರ್ಷ ಮತ್ತೆ ಹೋಗುವ ಮಾತಿತ್ತು. ಅಷ್ಟರಲ್ಲಿ ನಮ್ಮ ಅವ್ವ ಬಚ್ಚಲದಲ್ಲಿ ಜಾರಿ ಬಿದ್ದು ಟೊಂಕ ಮುರಿದುಕೊಂಡಳು. ವಿಜಯಪುರದಲ್ಲಿ ಆಪರೇಶನ್ ಆಗಿ, ವಾಕರ್ ಹಿಡಿದು ಮನೆಯೊಳಗೆ ಸುತ್ತಾಡುವ ಮಟ್ಟಿಗೆ ಬಂದಳು. ಆದರೆ ಏಳಲು, ಕೂಡಲು, ಮೈ ತೊಳೆಯಲು ಆಕೆಗೆ ಸೊಸೆಯೇ ಬೇಕು. ಮಗನಾದ ನಾನು ಹತ್ತಿರ ಹೋದರೆ, "ನೀ ಸರಿ, ನಿನಗ ತಿಳಿಯೂದಿಲ್ಲ" ಎನ್ನುತ್ತಿದ್ದಳು. ಹೀಗಾಗಿ ನನ್ನ ಹೆಂಡತಿಯ ಭೂಗೋಳ ಸಣ್ಣದಾಗುತ್ತ ಬಂದು ಮನಗೂಳಿಯ ಆಚೆ ಅಳಿಸಿಹೋಯಿತು. ಗೋಕರ್ಣದ ಮಾತನ್ನು ಆಕೆ ಆಡುವುದನ್ನು ಬಿಟ್ಟಳು. ಆಡುವಾಗ ಅರೆಕಿವಿಯಲ್ಲಿ ಕೇಳುತ್ತಿದ್ದವನಿಗೆ, ಬಿಟ್ಟದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಆಕೆ ಸಮುದ್ರಕ್ಕೆ ಹೋಗಲಾರಳೆಂದರೆ ಸಮುದ್ರವೇ ಇಲ್ಲಿಗೆ ವರ್ಗವಾಗಿ ಬರಬೇಕು. ವರ್ಗಾವಣೆಯಲ್ಲಿ ನನಗೆ ಅನುಭವವಿತ್ತು. ಮೊಬೈಲಿನಲ್ಲಿ ಉಪ್ಪುನೀರಿನ ಮೀನು ಸಾಕುವ ವಿಡಿಯೋಗಳನ್ನು ನೋಡಿ ನೋಡಿ, ವರುಣದೇವನ ತಾಲೂಕಾ ಕಚೇರಿಯಲ್ಲಿ ಕಿರಿಯ ಗುಮಾಸ್ತನಾಗುವಷ್ಟು ಯೋಗ್ಯತೆ ಸಂಪಾದಿಸಿದೆ. ಉಳಿದದ್ದು ಮಂಜೂರಾತಿ. ಅದು ಪಡಸಾಲೆಯ ಮಂಚದ ಮೇಲೆ ಅಡಕೊತ್ತು ಹಿಡಿದು ಕುಳಿತಿತ್ತು.

"ಮೀನಾ?" ಎಂದಳು ಅವ್ವ. "ಲಿಂಗಾ ಕಟ್ಟಿದ ಮನ್ಯಾಗ ಮೀನಾ?"

"ತಿನ್ನಾಕಲ್ಲಬೇ, ನೋಡಾಕ."

"ಅವೇನ ತಿಂತಾವ?"

"ಕಾಳು."

ಸುಳ್ಳಲ್ಲ. ಡಬ್ಬಿಯಲ್ಲಿ ಬರುವ ಮೀನಿನ ಆಹಾರ ಸಾಸಿವೆಯಂಥ ಕಾಳೇ. ಆ ಕಾಳನ್ನು ಯಾತರಿಂದ ಮಾಡುತ್ತಾರೆಂದು ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ಸತ್ಯ ನುಡಿಯುವುದು ಮಾಸ್ತರನ ಧರ್ಮ; ಕೇಳದ ಪ್ರಶ್ನೆಗೆ ಉತ್ತರ ಬರೆಯುವುದು ದಡ್ಡ ವಿದ್ಯಾರ್ಥಿಯ ಲಕ್ಷಣ.

ಅವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕಾಯ್ದೆ ಹೊರಡಿಸಿದಳು. "ಇಡ್ರಿ. ಆದ್ರ ನನ್ನ ಮನ್ಯಾಗ ನೋಡೂ ಚಟಕ್ಕ ಜೀವ ಸಾಯಬಾರದು. ಒಂದ ಸತ್ರ ಸೈತ ಮರುದಿನಾನ ಆ ಟಾಕಿ ಹಿತ್ತಲಕ್ಕ ಹೋಗಬೇಕು. ಎಮ್ಮಿ ಅದರಾಗ ನೀರ ಕುಡೀಲಿ."

ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಹೂನ್ರಿ ಅತ್ತಿ" ಎಂದಳು. ಅಂದಿನಿಂದ ನಮ್ಮ ಸಮುದ್ರ ನಿಂತದ್ದು ಆ ಒಂದು ಷರತ್ತಿನ ಮೇಲೆ.

ಮನಗೂಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆವು. ಗಾಜಿನ ಟಾಕಿ ಟೆಂಪೋದಲ್ಲಿ, ಹಾಸಿಗೆಗಳ ನಡುವೆ, ಬಾಣಂತಿಯ ಹಾಗೆ ಬಂದಿಳಿಯಿತು. ಅದನ್ನು ಎತ್ತಿಡಲು ಇಂಡಿಯಿಂದ ನನ್ನ ಹೆಂಡತಿಯ ತಮ್ಮ ಬಂದಿದ್ದ. ಲಿಂಬೆ ತೋಟದವನು. ಎಲ್ಲಿಗೆ ಹೊರಟರೂ ಒಂದು ಚೀಲ ಲಿಂಬೆಹಣ್ಣು ಹಿಡಿದೇ ಹೊರಡುತ್ತಾನೆ, ಮದುವೆಯಿರಲಿ ಮಣ್ಣಿರಲಿ.

ಸಮುದ್ರದ ಉಪ್ಪಿನ ಚೀಲ ನೋಡಿ ಅವನು ಕೇಳಿದ: "ಮಾವಾರ, ಇದಿಷ್ಟೂ ಉಪ್ಪು ಇದರಾಗ ಹಾಕೂದ?"

"ಹೌದೋ."

"ಹಂಗಾರ ನಾ ತಂದ ಲಿಂಬಿಹಣ್ಣೂ ಹೆಚ್ಚಿ ಹಾಕಿಬಿಡ್ರಿ. ಮೀನ ಬರಲಿಕ್ರೂ ಉಪ್ಪಿನಕಾಯಿ ಆದ್ರೂ ಆಗತೈತಿ."

ಅವ್ವನದು ಬೇರೆಯೇ ತಕರಾರು. ನಮ್ಮ ಬೋರಿನ ನೀರು ಪೂರ್ತಿ ಸವಳು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. "ಅರ್ಧಾ ಸಮುದ್ರ ಬೋರಿನ್ಯಾಗ ಐತಿ. ಅದನ್ನ ತುಂಬ್ರಿ, ಉಪ್ಪ ಉಳಿತೈತಿ" ಎಂದಳು. ನಾನು ಬೆತ್ತವಿಲ್ಲದ ಕೈಯನ್ನೇ ಎತ್ತಿ, ಬೋರಿನ ಸವಳು ಬೇರೆ, ಸಮುದ್ರದ ಉಪ್ಪು ಬೇರೆ, ಮೊದಲು ಫಿಲ್ಟರ್ ನೀರು ತಂದು ಆಮೇಲೆ ಅದಕ್ಕೆ ಅಳತೆಯ ಉಪ್ಪು ಕಲಸಬೇಕು ಎಂದು ವಿವರಿಸಿದೆ. ಅವ್ವ ಸಾವಧಾನವಾಗಿ ಕೇಳಿದಳು.

"ಸವಳ ತೆಗದು ಸಿಹಿ ಮಾಡೂದು. ಸಿಹಿ ಆದಮ್ಯಾಲ ಮತ್ತ ಉಪ್ಪ ಹಾಕೂದು. ನೀ ಸಾಲಿ ಕಲಿಸಿದ ಹುಡುಗೂರೆಲ್ಲಾ ಈಗ ಎಲ್ಲಿ ಅದಾರೋ ತಮ್ಮಾ?"

ನೀರು ತುಂಬಿ, ಕಲ್ಲು ಜೋಡಿಸಿ, ಪಂಪು ಹಚ್ಚಿದ ಮೇಲೆ ಅತ್ಯಂತ ಕಠಿಣ ಘಟ್ಟ ಬಂತು. ಏನೂ ಮಾಡದಿರುವುದು. ಹೊಸ ನೀರಿಗೆ ಕೂಡಲೆ ಮೀನು ಬಿಟ್ಟರೆ ತಮ್ಮ ಹೊಲಸಿನ ವಿಷದಲ್ಲಿ ತಾವೇ ಸಾಯುತ್ತವೆ. ಆ ವಿಷವನ್ನು ತಿಂದು ಜೀರ್ಣಿಸುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ ಬೆಳೆಯುವವರೆಗೆ ಖಾಲಿ ಟಾಕಿಯನ್ನು ಕಾಯಬೇಕು. ಅವು ಬಾಟಲಿಯಲ್ಲಿ ಬರುತ್ತವೆ, ಸುರಿದು ಸುಮ್ಮನಿರಬೇಕು. ಈ ವಿದ್ಯಮಾನವನ್ನು ನಾನು ಹೆಂಡತಿಗೆ ಸಾರಜನಕದ ಚಕ್ರ ಬರೆದು ತೋರಿಸಿ ವಿವರಿಸತೊಡಗಿದೆ. ಆಕೆ ಚಕ್ರ ಅರ್ಧ ಸುತ್ತುವಷ್ಟರಲ್ಲಿ ತಡೆದಳು.

"ಹೆಪ್ಪ ಹಾಕ್ಯಾರಂತ ಹೇಳ್ರಿ ಸಾಕು."

ಅಲ್ಲಿಂದ ನನ್ನ ಉಪನ್ಯಾಸಕ್ಕೆ ಕೆಲಸವೇ ಇಲ್ಲದಾಯಿತು. ಬಾಗೇವಾಡಿಗೆ ಸಮುದ್ರ ಬಂದಿದೆಯೆಂದು ಕೇಳಿ ಜನ ಬರುತ್ತಿದ್ದರು. ಚಪ್ಪಲಿ ಬಿಟ್ಟು, ಕೈಕಟ್ಟಿ, ಗಾಜಿನೊಳಗಿನ ನಾಲ್ಕು ಕಲ್ಲುಗಳನ್ನು ಭಕ್ತಿಯಿಂದ ನೋಡಿ, "ಮೀನ ಎಲ್ಲದಾವ್ರಿ?" ಎನ್ನುತ್ತಿದ್ದರು. "ಇನ್ನಾ ಹೆಪ್ಪ ಹತ್ತಿಲ್ರಿ" ಎಂದು ಹೆಂಡತಿ ಚಹ ಕೊಟ್ಟು ಕಳಿಸುತ್ತಿದ್ದಳು. ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ಹೆಪ್ಪು ಹತ್ತುವ ಮೊದಲು ಗಡಿಗೆ ಅಲುಗಾಡಿಸಬಾರದೆಂಬ ಜ್ಞಾನ ನಮ್ಮ ಕಡೆ ಸಾರ್ವತ್ರಿಕ.

ಕೊನೆಗೊಂದು ದಿನ ನೀರು ತಯಾರಾಯಿತು. ಮುಂಬಯಿ ಕಡೆಯ ಅಂಗಡಿಯವರು ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಆಕ್ಸಿಜನ್ ತುಂಬಿದ ಚೀಲಗಳಲ್ಲಿ, ಸ್ಲೀಪರ್ ಬಸ್ಸಿಗೆ ಮೀನು ಹಾಕಿ ಕಳಿಸಿದರು. ನಾನೂ ಮೈದುನನೂ ಬೈಕ್ ತೆಗೆದುಕೊಂಡು ಮನಗೂಳಿ ಕ್ರಾಸಿನಲ್ಲಿ ಕಾದೆವು. ಬಸ್ಸಿನ ಕ್ಲೀನರ್ ಪೆಟ್ಟಿಗೆ ಇಳಿಸಿಕೊಡುತ್ತ, "ಏನದಾವ್ರಿ ಇದರಾಗ, ರಾತ್ರಿಯೆಲ್ಲಾ ಡ್ರೈವರ್ ಬಾಜೂಕ ಇಟ್ಕೊಂಡ ಬಂದೇವಿ?" ಎಂದ.

"ಬೀಗರು" ಎಂದ ನನ್ನ ಮೈದುನ. "ಮುಂಬೈದವರು. ಬಿಸಲ ತಾಳೂದಿಲ್ಲ."

ಬಂದವರು ಮೂವರು. ಕಿತ್ತಳೆ ಮೈಗೆ ಬಿಳಿ ಪಟ್ಟಿ ಹೊದ್ದ ಜೋಡಿ ಮೀನುಗಳು, ಒಂದು ಕೆಂಪು ಬೆನ್ನಿನ ಸೀಗಡಿ. ಚೀಲಗಳನ್ನು ಟಾಕಿಯ ನೀರಿನಲ್ಲಿ ತೇಲಿಬಿಟ್ಟು, ಚೂರು ಚೂರೇ ನಮ್ಮ ನೀರು ಕಲಸಿ, ರೂಢಿ ಮಾಡಿಸಿದೆ. "ಹೊಸಾ ಸೊಸಿನ್ನ ಹೊಸ್ತಿಲದಾಗ ನಿಂದ್ರಿಸಿದಂಗ ನಿಂದ್ರಿಸ್ಯಾನ" ಎಂದು ಅವ್ವ ಮಂಚದಿಂದ ವರದಿ ಮಾಡಿದಳು. ಸೀಗಡಿಗೆ ತನ್ನ ಮೈಗಿಂತ ಉದ್ದದ ಬಿಳಿ ಮೀಸೆ. ಅದು ಕಲ್ಲಿನ ಮೇಲೆ ನಿಂತು ಮೀಸೆ ತಿರುವಿದ್ದೇ ತಡ, ಅವ್ವ ಅದಕ್ಕೆ ಗೌಡನ ಪದವಿ ಕೊಟ್ಟಳು. "ಗೌಡ ಇವತ್ತ ಉಂಡಾನೇನ?" ಎಂದು ದಿನಾ ವಿಚಾರಿಸುವಳು. ನಾನಿಲ್ಲದಾಗ ರೊಟ್ಟಿಯ ಚೂರು ಹಾಕಲು ನೋಡಿದ್ದಳೆಂದೂ, ಸೊಸೆ ಕೈ ಹಿಡಿದು ನಿಲ್ಲಿಸಿದಳೆಂದೂ ಆಮೇಲೆ ತಿಳಿಯಿತು.

ಬೇಸಿಗೆ ಬಂತು. ನಮ್ಮ ಬೇಸಿಗೆ ಸಮುದ್ರಕ್ಕೆ ಹೇಳಿ ಮಾಡಿಸಿದ್ದಲ್ಲ. ಟಾಕಿಯ ಮೇಲೆ ಫ್ಯಾನು, ಸುತ್ತ ಹಸಿ ಗೋಣಿತಟ್ಟು. ಕುಡಿಯುವ ನೀರಿನ ರಂಜಣಿಗೆಗೆ ಸಿಗುವ ಮರ್ಯಾದೆಯೆಲ್ಲ ಅದಕ್ಕೂ ಸಿಕ್ಕಿತು. ನೀರು ಆರಿ ಇಳಿಯುತ್ತಿತ್ತು. ಉಪ್ಪು ಮಾತ್ರ ಆರುವುದಿಲ್ಲವಾದ್ದರಿಂದ ದಿನಾ ಸಿಹಿನೀರನ್ನೇ ಮೇಲೆ ಹಾಕಿ ಸರಿದೂಗಿಸಬೇಕು. ಹೆಂಡತಿ ಅದನ್ನು ತಾನೇ ವಹಿಸಿಕೊಂಡಳು. ಮಧ್ಯಾಹ್ನ ಅತ್ತೆಗೆ ಉಣ್ಣಿಸಿ, ಮಲಗಿಸಿ, ಪಾತ್ರೆ ತೊಳೆದಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಗಾಜಿನ ಮುಂದೆ ನೆಲಕ್ಕೆ ಕೂಡುವಳು. ತೆರೆ ಎಬ್ಬಿಸುವ ಪಂಪು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೀರು ದೂಡುತ್ತಿತ್ತು.

"ಬರ್ತೈತಿ, ಹೋಗ್ತೈತಿ" ಎಂದು ಒಮ್ಮೆ ತನಗೆ ತಾನೇ ಅಂದುಕೊಂಡಳು. ಅವ್ವ ಮಂಚದ ಮೇಲೆ ಕಣ್ಣು ಮುಚ್ಚಿದ್ದಳು. ಮುಚ್ಚಿದ ಕಣ್ಣೆಲ್ಲ ನಿದ್ದೆಯದಲ್ಲ ಎಂದು ನನಗೆ ತರಗತಿಯ ಅನುಭವದಿಂದ ಗೊತ್ತು.

ಒಂದು ಮುಂಜಾನೆ ಹೆಂಡತಿಯ ಚೀರು ಕೇಳಿ ಬಂದೆ. ಗೌಡ ಸತ್ತುಬಿದ್ದಿದ್ದ. ಕಾಲು, ಕಣ್ಣು, ಮೀಸೆ ಎಲ್ಲ ಇದ್ದವು; ಜೀವ ಮಾತ್ರ ಇಲ್ಲ. ಮರಳಿನ ಮೇಲೆ ಹಗುರಾಗಿ ಹೊರಳುತ್ತಿದ್ದ. ನಾನು ಜಾಳಿಗೆಯಿಂದ ಎತ್ತಿ ಬಾಳೆಲೆಯ ಚೂರಿನ ಮೇಲೆ ಇಟ್ಟೆ.

ಅವ್ವ ನೋಡಿದಳು. ಆಮೇಲೆ, ನ್ಯಾಯ ತನ್ನ ಮಾತಿಗೆ ತಾನು ಬದ್ಧವಾಗಿರಬೇಕಾದ ಸ್ವರದಲ್ಲಿ, "ಕರಿಬೇವಿನ ಬುಡಕ್ಕ ಮಣ್ಣ ಮಾಡ್ರಿ. ಇಬತ್ತಿ ಹಚ್ರಿ. ಇವತ್ತ ಒಲಿ ಹಚ್ಚೂದ ಬ್ಯಾಡ" ಎಂದಳು. ವಾಕರಿಗೆ ಕೈ ಹಾಕುತ್ತ, "ನಾಳೆ ಟಾಕಿ ಖಾಲಿ ಮಾಡ್ರಿ" ಎಂದಳು.

"ಹೂನ್ರಿ ಅತ್ತಿ" ಎಂದು ಹೆಂಡತಿ ಒಳಗೆ ಹೋದಳು. ಒಲೆ ಹಚ್ಚದ ಅಡಿಗೆಮನೆಯಲ್ಲಿ ಅವಳಿಗೆ ಕೆಲಸವೇನು? ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದಳು. ನಾನು ಗೌಡನಿಗೆ ಮಣ್ಣು ಕೊಟ್ಟು ಬರುವಷ್ಟರಲ್ಲಿ ಆಕೆ ಇಂಡಿಗೆ ಫೋನು ಹಚ್ಚಿದ್ದಳು. "ಹೋತೋ ತಮ್ಮಾ..." ಎಂದಷ್ಟೇ ಹೇಳಲಿಕ್ಕೆ ಆಯಿತು. ಅಳು ಉಕ್ಕಿ ಬಂದು ಫೋನು ಇಟ್ಟುಬಿಟ್ಟಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ತಿಳಿಸಬೇಕು. ಸಾವಿನ ಫೋನಿಗೆ ನಾವು ಮರುಪ್ರಶ್ನೆ ಕೇಳುವುದಿಲ್ಲ. ಯಾರು, ಹೇಗೆ, ಎಷ್ಟೊತ್ತಿಗೆ ಎನ್ನುವುದು ಹೊರಗಿನವರ ಲಕ್ಷಣ. ನಮ್ಮವರು ಚಪ್ಪಲಿ ಮೆಟ್ಟುತ್ತಾರೆ. ಮನೆಯಲ್ಲಿ ಟೊಂಕ ಮುರಿದ ಮುದುಕಿ ಇದ್ದಾಗಂತೂ ಕೇಳುವುದೇನುಳಿಯಿತು? ಹೊತ್ತು ಏರುವುದರೊಳಗೆ ಇಂಡಿಯಿಂದ ಒಂದು ಕ್ರೂಸರ್ ತುಂಬ ಜನ ಹೊರಟು, ದೇವರ ಹಿಪ್ಪರಗಿಯಲ್ಲಿ ನಿಲ್ಲಿಸಿ ದೊಡ್ಡ ಹೂಮಾಲೆ ಕೊಂಡು, ನಮ್ಮ ಮನೆಯ ಮುಂದೆ ಬಂದು ನಿಂತಿತು.

ಅವ್ವ ಅಷ್ಟೊತ್ತಿಗೆ ವಾಕರ್ ಹಿಡಿದು ಹೊರಗಿನ ಕಟ್ಟೆಯ ಮೇಲೆ ಬಂದು ಕುಳಿತಿದ್ದಳು.

ಮೊದಲು ಇಳಿದವಳು ನನ್ನ ಹೆಂಡತಿಯ ಚಿಗವ್ವ. ಸತ್ತವರ ಗುಣ ಹಾಡ್ಯಾಡಿ ಅಳುವುದರಲ್ಲಿ ಇಂಡಿ ಸೀಮೆಗೇ ಹೆಸರಾದವಳು. ಸೆರಗನ್ನು ಬಾಯಿಗೆ ಹಚ್ಚಿ, ನೆಲ ನೋಡುತ್ತ, ಗಾಡಿಯಿಂದಲೇ ಎತ್ತಿಕೊಂಡಿದ್ದಳು: "ನನ್ನವ್ವಾ... ತುಂಬಿದ ಮನಿ ಬಿಟ್ಟು ಎಲ್ಲಿಗಿ ಹೋದಿ ನನ್ನವ್ವಾ..." ತಲೆ ಎತ್ತಿದಾಗ ನನ್ನವ್ವ ಎದುರಿಗೇ ಕುಳಿತಿದ್ದಳು. ಹಾಡು ನಡುವೆಯೇ ಕಡಿಯಿತು. ಹಿಂದೆ ಇಳಿದ ಮೈದುನ ಮಾಲೆಯನ್ನು ಬೆನ್ನ ಹಿಂದೆ ಮಾಡಿದ. ಆ ಮಾಲೆ ಅವನ ಬೆನ್ನಿಗಿಂತ ಅಗಲವಿತ್ತು.

"ಯಾರ ಹೋದ್ರೋ ತಮ್ಮಾ?" ಎಂದಳು ಅವ್ವ.

"ಯಾರಿಲ್ಲ ತಗೋರಿ ಯವ್ವಾ. ಹಿಂಗ... ಮಾತಾಡಿಸಿ ಹೋಗೂಣಂತ..."

"ಮಾಲಿ ತಗೊಂಡು?"

ಅವ್ವನಿಗೆ ಎಲ್ಲ ಹೊಳೆದಿತ್ತು. ಆಕೆ ವಾಕರನ್ನು ಪಕ್ಕಕ್ಕೆ ಸರಿಸಿ, ಕಟ್ಟೆಯ ಮೇಲೆ ನೆಟ್ಟಗೆ ಕುಳಿತು, ಚಿಗವ್ವನ ಕಡೆ ತಿರುಗಿದಳು.

"ಯಾಕ ನಿಲ್ಲಿಸಿದಿ ಬೀಗತಿ? ಇಷ್ಟ ದೂರ ಬಂದೀರಿ. ಪೂರಾ ಹಾಡು. ಸತ್ತಮ್ಯಾಲೆ ನನಗೆಲ್ಲಿ ಕೇಳಸ್ತೈತಿ? ಏನೇನ ಅನ್ನೂದಿತ್ತು ನನಗ, ಇವತ್ತ ಕೇಳ್ತೇನಿ."

ಚಿಗವ್ವ ಸುತ್ತ ನೋಡಿದಳು. ದಾರಿಯಿರಲಿಲ್ಲ. ಅಳುವ ವಿದ್ಯೆಯವಳಿಗೆ ಎದುರಿಗೆ ಹೆಣ ಕುಳಿತು ಅಪ್ಪಣೆ ಕೊಟ್ಟದ್ದು ಅದೇ ಮೊದಲು. ಹಿಂಜರಿಯುತ್ತ ಶುರು ಮಾಡಿ, ಬರಬರುತ್ತ ತನ್ನ ಲಯ ಹಿಡಿದಳು. ಬಂದವರನ್ನ ಬರಿಗೈಲೆ ಕಳಿಸದಾಕಿ ಎಂದಳು; ಅವ್ವ ತಲೆದೂಗಿದಳು. ಬರದಾಗ ಓಣಿಗೆ ಜೋಳಾ ಅಳೆದಾಕಿ ಎಂದಳು, "ಅದು ನಮ್ಮತ್ತಿ. ಇರಲಿ, ಹಾಡು" ಎಂದಳು ಅವ್ವ. ಮೈದುನ ನಗು ತಡೆಯಲಾಗದೆ ಮಾಲೆಯಲ್ಲಿ ಮುಖ ಮುಚ್ಚಿಕೊಂಡ. ಚಿಗವ್ವ ಪ್ರತಿ ಅತ್ತೆಯ ಹೆಣಕ್ಕೂ ತಪ್ಪದೆ ಹೇಳುವ ಸಾಲಿಗೆ ಬಂದಳು:

"ಸೊಸಿನ್ನ ಮಗಳಂಗ ನೋಡಿದಾಕಿ ನನ್ನವ್ವಾ... ಮಗಳ ಮನಸ ಅರಿತಾಕಿ ನನ್ನವ್ವಾ..."

ಅವ್ವ ಈ ಸಲ ತಲೆದೂಗಲಿಲ್ಲ. ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು, ಅತ್ತು ಕೆಂಪಾದ ಕಣ್ಣಿನಲ್ಲಿ. ಅವ್ವ ಆಕೆಯನ್ನು ನೋಡಿದಳು, ನೆಲ ನೋಡಿದಳು. "ಸಾಕ ಬಿಡು" ಎಂದಳು. "ಬಿಸಲಾಗ ಬಂದೀರಿ. ಒಳಗ ಬರ್ರಿ."

ಎಲ್ಲರೂ ಪಡಸಾಲೆಗೆ ಬಂದರು. ಸತ್ತವರು ಯಾರೆಂದು ಕೊನೆಗೂ ವಿಚಾರಣೆಯಾಗಿ, ಸೀಗಡಿಯೆಂದು ತಿಳಿದು, ಮೈದುನ ಟಾಕಿಯ ಮುಂದೆ ನಿಂತು ಕೈಮುಗಿಯುವ ಚಾಷ್ಟಿ ಮಾಡುತ್ತಿದ್ದ. ಮುಗಿದ ಕೈ ಹಾಗೇ ನಿಂತಿತು.

"ಮಾವಾರ, ಸತ್ತಾಂವಾ ಎಷ್ಟ ಮೀಸಿ ಇಟ್ಟಿದ್ದ?"

"ಯಾಕ?"

"ಇಲ್ಲೊಬ್ಬಾಂವಾ ಕಲ್ಲಸಂದ್ಯಾಗಿಂದ ತಿರುವಾಕತ್ತಾನ."

ಗೌಡನೇ. ಮೊದಲಿಗಿಂತ ಚೂರು ದೊಡ್ಡವನಾಗಿ, ಹೊಸ ಕೆಂಪಿನಲ್ಲಿ, ಕ್ರೂಸರ್ ತುಂಬ ಬಂದ ಬಂಧುಗಳನ್ನು ಅನುಮಾನದಿಂದ ನೋಡುತ್ತಿದ್ದ. ಮೊಬೈಲು ತೆರೆದು ಅಧ್ಯಯನ ಮಾಡಿದಾಗ ತಿಳಿಯಿತು: ಸೀಗಡಿ ಬೆಳೆದಂತೆ ಹಾವಿನ ಹಾಗೆ ಪೊರೆ ಬಿಡುತ್ತದೆ. ಬಿಟ್ಟ ಪೊರೆ ಕಣ್ಣು, ಕಾಲು, ಮೀಸೆ ಸಮೇತ ಹೆಣದ ಹಾಗೇ ಇರುತ್ತದೆ. ಹೊಸ ಮೈ ಗಟ್ಟಿಯಾಗುವವರೆಗೆ ಅದು ಕಲ್ಲಿನೊಳಗೆ ಅಡಗಿರುತ್ತದೆ. ಭೂಗೋಳದ ಪಠ್ಯದಲ್ಲಿ ಇದು ಇರಲಿಲ್ಲ.

"ಹಂಗಾರ ನೀ ಮುಂಜಾನಿ ಮಣ್ಣ ಮಾಡಿದ್ದು ಅದರ ಅಂಗಿ?" ಎಂದಳು ಅವ್ವ.

"ಹೌದಬೇ."

"ಇಬತ್ತಿ ಹಚ್ಚಿ?"

"ನೀನ ಹೇಳಿದಿ."

ಆ ದಿನ ನಮ್ಮ ಮನೆಯಲ್ಲಿ ಇಬ್ಬರು ಸತ್ತು ಇಬ್ಬರೂ ಬದುಕಿದರು. ಒಲೆ ಹತ್ತಿತು. ಬಂದವರಿಗೆಲ್ಲ ಹೋಳಿಗೆ ಆಯಿತು, ಲಿಂಬೆಹಣ್ಣಿನ ಪಾನಕ ಆಯಿತು. ಟಾಕಿ ಎಮ್ಮೆಗೆ ಹೋಗುವುದು ರದ್ದಾಯಿತು. ಆದರೆ ಕಾಯ್ದೆ ರದ್ದಾಗಿರಲಿಲ್ಲ. ಬೀಗರು ಹೊರಟ ಮೇಲೆ, "ಅದು ಸತ್ತಿರಲಿಲ್ಲ, ಅದಕ್ಕ ಬಿಟ್ಟೇನಿ" ಎಂದು ಅವ್ವ ಸ್ಪಷ್ಟಪಡಿಸಿದಳು. ಹೆಂಡತಿ ಮತ್ತೆ "ಹೂನ್ರಿ ಅತ್ತಿ" ಎಂದಳು.

ಆ ಬೇಸಿಗೆಯ ಕೊನೆಗೆ, ಮಳೆಯ ಮೊದಲ ಗಾಳಿ ಬೀಸಿ ಕಂಬ ಮುರಿದು, ಊರಿಗೆಲ್ಲ ಕರೆಂಟು ಹೋಯಿತು. ಫ್ಯಾನು ನಿಂತಿತು, ಪಂಪು ನಿಂತಿತು. ನಾನೂ ಹೆಂಡತಿಯೂ ಲೋಟದಲ್ಲಿ ನೀರೆತ್ತಿ ಎತ್ತಿ ಸುರಿಯುತ್ತ, ಸಮುದ್ರಕ್ಕೆ ಕೈಯಿಂದಲೇ ತೆರೆ ಎಬ್ಬಿಸುತ್ತ ಕುಳಿತೆವು. ಕರೆಂಟು ಬಂದು ಮಲಗಿದಾಗ ಮೂವರೂ ಇದ್ದರು. ಮುಂಜಾನೆ ನಾವಿಬ್ಬರೂ ತಡವಾಗಿ ಎದ್ದೆವು. ಟಾಕಿಯಲ್ಲಿ ಗೌಡನಿದ್ದ, ಒಂದು ಮೀನಿತ್ತು. ಇನ್ನೊಂದು ಕಾಣಲಿಲ್ಲ.

ಹೆಂಡತಿ ಗಾಜಿಗೆ ಮುಖ ಹಚ್ಚಿ ಕಲ್ಲಿನ ಸಂದಿ ಸಂದಿ ನೋಡಿದಳು. ಮಂಚದ ಮೇಲೆ ಅವ್ವ ಆಗಲೇ ಎದ್ದು ಕುಳಿತು ಅಡಿಕೆ ಕತ್ತರಿಸುತ್ತಿದ್ದಳು. ಯಾರೂ ಎಬ್ಬಿಸದೆ, ಯಾರೂ ಕೂಡಿಸದೆ.

"ಒಂದ ಕಾಣವಲ್ದ್ರಿ ಅತ್ತಿ" ಎಂದಳು ಹೆಂಡತಿ. ದನಿ ಸಣ್ಣದಾಗಿತ್ತು.

"ಕಲ್ಲಿನ ಒಳಗ ಹೋಗೇತಿ" ಎಂದಳು ಅವ್ವ, ಅಡಕೊತ್ತಿನಿಂದ ಕಣ್ಣೆತ್ತದೆ. "ಅಂಗಿ ಬಿಚ್ಚಾಕ. ನಾ ನೋಡೇನಿ. ನಾಕ ದಿನಾ ಅದನ್ನ ಹುಡಕಬ್ಯಾಡ್ರಿ."

ಮೀನು ಪೊರೆ ಬಿಡುವುದಿಲ್ಲ. ಇಷ್ಟು ದಿನದಲ್ಲಿ ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಬಾಯಿ ತೆರೆಯುವವನಿದ್ದೆ. ಹೆಂಡತಿ ನನ್ನನ್ನು ನೋಡಿದ ರೀತಿಗೆ ಮುಚ್ಚಿಕೊಂಡೆ. ಹಲ್ಲುಜ್ಜುವ ನೆಪದಲ್ಲಿ ಹಿತ್ತಲಿಗೆ ಹೋದೆ. ಕರಿಬೇವಿನ ಬುಡದಲ್ಲಿ ಹಸಿಮಣ್ಣು ಕೆದರಿತ್ತು. ಪಕ್ಕದಲ್ಲಿ ಕಳೆ ತೆಗೆಯುವ ಕುರ್ಪಿ ಬಿದ್ದಿತ್ತು. ಬಾಗಿಲಿನಿಂದ ಅಲ್ಲಿಯವರೆಗೆ, ಮಳೆಗೆ ನೆನೆದ ನೆಲದಲ್ಲಿ, ವಾಕರಿನ ಕಾಲುಗಳ ಗುರುತುಗಳು ಹೋಗಿ ಮರಳಿ ಬಂದಿದ್ದವು. ಸೊಸೆಯ ಕೈಯಿಲ್ಲದೆ ಬಚ್ಚಲಿಗೂ ಹೋಗದಾಕೆ ಅಷ್ಟು ದೂರ ಒಬ್ಬಳೇ ನಡೆದಿದ್ದಳು.

ಸ್ನಾನದ ಹೊತ್ತಿಗೆ ಹೆಂಡತಿ ಅವ್ವನ ಇಳಕಲ್ ಸೀರೆ ಬಿಚ್ಚಿಸಿಕೊಂಡು ಬಂದಳು. ಸೆರಗಿನ ತುದಿ ಒಣಗಿ ಬಿರುಸಾಗಿತ್ತು. ಕೆಂಪಿನ ಮೇಲೆ ಉಪ್ಪಿನ ಬಿಳಿಗೆರೆ. ಆಕೆ ಅದನ್ನು ಬೆರಳಿನಿಂದ ಒಮ್ಮೆ ಸವರಿದಳು. ಬೋರಿನ ನೀರಿಗೆ ಹಾಕದೆ, ಟಾಕಿಗೆಂದು ತಂದಿಟ್ಟ ಸಿಹಿನೀರಿನಲ್ಲಿ ಆ ಸೆರಗು ತೊಳೆದಳು.

ಎರಡು ಮೂರು ದಿನ ಬಿಟ್ಟು ನಾನು ಅವ್ವನ ಮಂಚದ ಅಂಚಿಗೆ ಕುಳಿತು, ಅಧಿಕಾರಿಯ ಮುಂದೆ ಕಡತ ಮಂಡಿಸುವವನ ಹಾಗೆ ಗಂಟಲು ಸರಿಪಡಿಸಿಕೊಂಡೆ.

"ಯವ್ವಾ, ಮುಂಬೈದವರಿಗೆ ಫೋನ ಮಾಡೂಣಂತ ಮಾಡೇನಿ. ಇನ್ನೊಂದ..."

"ಮಾಡು."

"ಅದು ಬರಾಕ ವಾರ ಆಗಬಹುದು. ಅಲ್ಲೀತನಕ ಒಂದ ಇರ್ತೈತಿ."

ಅವ್ವ ಟಾಕಿಯ ಕಡೆ ನೋಡಿದಳು. ಅದರ ಮುಂದೆ ಸೊಸೆ ಮೊಣಕಾಲು ಮಡಚಿ ಕುಳಿತಿದ್ದಳು. ಒಂಟಿ ಮೀನು ಅವಳ ಬೆರಳಿನ ಹಿಂದೆ ಗಾಜಿನಲ್ಲಿ ಹೋಗಿ ಬಂದು ಮಾಡುತ್ತಿತ್ತು.

"ನನಗೆಲ್ಲಿ ಕಾಣ್ತೈತೋ, ಕಣ್ಣಿಗಿ ಪೊರಿ ಬಂದೈತಿ" ಎಂದಳು ಅವ್ವ. "ಮೊದಲಿಂದ್ಲೂ ಎರಡ ಅದಾವ ಬಿಡು."